ಬಸಳೆಗೊಂದು ಬತ್ತಿ

ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲುವ ಹಾಗಿಲ್ಲ. ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುವ ನನ್ನ ಅತ್ತೆ "ಶಿವ ಶಿವಾ" ಎಂದು ಒಂದು ಉಸಿರು ಬಿಡುತ್ತಾರೆ ನೋಡಿ, ಅದಕ್ಕಿಂತ ನಾಲ್ಕು ಬೈಗುಳ ತಿನ್ನುವುದು ವಾಸಿ. ಈ ಅಭ್ಯಾಸ ಈಗ ನನಗೂ ಅಂಟಿಕೊಂಡಿದೆ. ಮೊನ್ನೆ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ ಅವರ ಹೆಂಡತಿ ಅಕ್ಕಿ ತೊಳೆದು ನೀರನ್ನು ಜರ್ರೆಂದು ಸಿಂಕಿಗೆ ಬಿಟ್ಟರು. ಹಾಲ್‌ನಲ್ಲಿ ಕೂತಿದ್ದ ನಾನು "ಅಯ್ಯಯ್ಯೋ, ನಿಲ್ಲಿ!" ಎಂದು ಕೂಗಿಬಿಟ್ಟೆ. ಅಕ್ಕಿಯ ಪಾತ್ರೆಯಲ್ಲಿ ಹಲ್ಲಿ ಬಿತ್ತೆಂದುಕೊಂಡು ಪಾಪ ಆ ಹೆಂಗಸು ಹಿಂದಕ್ಕೆ ಹಾರಿದರು. ಆಮೇಲೆ ಊಟ ಮುಗಿಯುವವರೆಗೂ ಅವರು ನನ್ನನ್ನು ಸ್ವಲ್ಪ ದೂರದಿಂದಲೇ ವಿಚಾರಿಸಿಕೊಂಡರು.

ಇದಕ್ಕೆಲ್ಲ ಕಾರಣ, ಮಲಾಡಿನ ನಮ್ಮ ಮನೆಯ ಗ್ರಿಲ್ಲಿನಲ್ಲಿ ಹಬ್ಬಿಕೊಂಡಿರುವ ಒಂದು ಬಸಳೆ ಬಳ್ಳಿ. ಮುಂಬಯಿಯಲ್ಲಿ ಗ್ರಿಲ್ ಎಂದರೆ ಬರೀ ಕಿಟಕಿಯ ಸರಳಲ್ಲ. ಗೋಡೆಯಿಂದ ಆಚೆ ಚಾಚಿಕೊಂಡಿರುವ ಕಬ್ಬಿಣದ ಪಂಜರ. ಅಲ್ಲಿ ಬಟ್ಟೆ ಒಣಗುತ್ತದೆ, ಈರುಳ್ಳಿ ಒಣಗುತ್ತದೆ, ಕಾಲು ಮುರಿದ ಕುರ್ಚಿಯೊಂದು ನಿವೃತ್ತಿ ಜೀವನ ಕಳೆಯುತ್ತದೆ. ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ದಿನದ ಅರ್ಧ ಹೊತ್ತು ಅಲ್ಲೇ ನಿಂತಿರುವುದರಿಂದ "ಕುರ್ಚಿಗೆ ಒಬ್ಬ ಜೊತೆಗಾರ ಸಿಕ್ಕಿದ" ಎಂದು ನನ್ನ ಹೆಂಡತಿ ವಸಂತಿ ನೆಂಟರೆದುರು ಹೇಳುವುದುಂಟು.

ಬಳ್ಳಿ ಅತ್ತೆಯದು. ಅತ್ತೆ, ಅಂದರೆ ವಸಂತಿಯ ಅಮ್ಮ, ಪರೇಲಿನವರು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು ಪರೇಲಿನ ಚಾಳೆಂಬ ವಠಾರದ ಒಂದು ರೂಮಿಗೆ ಕಾಲಿಟ್ಟವರು ಅಲ್ಲೇ ಮಕ್ಕಳನ್ನು ಹೆತ್ತು, ಹೋಟೆಲಿನಲ್ಲಿ ದುಡಿದು ದಣಿದು ಬರುತ್ತಿದ್ದ ಮಾವನಿಗೆ ಅನ್ನ ಬಡಿಸಿ, ಕೊನೆಗೆ ಅವರನ್ನು ಅಲ್ಲಿಂದಲೇ ಕಳಿಸಿಕೊಟ್ಟವರು. ಚಾಳನ್ನು ಕೆಡವಿ ಟವರ್ ಎಬ್ಬಿಸುತ್ತೇವೆಂದು ಬಿಲ್ಡರ್ ಬಂದಾಗ ರೂಮು ಬಿಡಬೇಕಾಯಿತು. ನಾವು ಕರೆತರಲು ಹೋದಾಗ ಅವರ ಜೊತೆ ಇದ್ದದ್ದು ಒಂದು ಟ್ರಂಕು, ಒಂದು ಜಿಪ್ ಇರುವ ನೀಲಿ ಚೀಲ, ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆ ಕಡ್ಡಿಗಳು. ಟ್ಯಾಕ್ಸಿಯಲ್ಲಿ ಟ್ರಂಕು ಡಿಕ್ಕಿಗೆ ಹೋಯಿತು, ಚೀಲ ಕಾಲಬುಡಕ್ಕೆ ಹೋಯಿತು, ಬಸಳೆ ಮಾತ್ರ ದಾರಿಯುದ್ದಕ್ಕೂ ಮಡಿಲಲ್ಲಿ ಕೂತು ಬಂತು.

ಟ್ರಂಕಿನ ಸಾಮಾನು ಅವತ್ತೇ ಕಪಾಟು ಸೇರಿತು. ನೀಲಿ ಚೀಲ ಮಾತ್ರ ಮಂಚದ ಕೆಳಗೆ ಜಿಪ್ ಹಾಕಿದ ಹಾಗೇ ಉಳಿಯಿತು. ವಸಂತಿ ಅದನ್ನೂ ಖಾಲಿ ಮಾಡಲು ಹೋದರೆ ಅತ್ತೆ ತಡೆದರು. "ಇರ್ಲಿ ಬಿಡು ವಸಂತಿ, ನಿಮ್ಮ ಮನೆಯಲ್ಲಿ ನನ್ನದೊಂದು ರಾಶಿ ಯಾಕೆ? ನಾಳೆ ಸುಂದರ ಕರೆದ್ರೆ ಹೊರಡ್ಲಿಕ್ಕೆ ಸುಲಭ ಆಗ್ತದೆ." ಸುಂದರ ಎಂದರೆ ವಡಾಲದಲ್ಲಿರುವ ಅವರ ತಮ್ಮ. ಪ್ರತಿ ಭಾನುವಾರ ಫೋನು ಮಾಡಿ "ಅಕ್ಕಾ, ಯಾವಾಗ ಬರ್ತಿ?" ಎಂದು ಕೇಳದೆ ಇಡುವವರಲ್ಲ. ಅತ್ತೆಯ ಬಾಯಲ್ಲಿ 'ನಮ್ಮ ಮನೆ' ಎಂದರೆ ಪರೇಲು. ನಮ್ಮದು 'ನಿಮ್ಮ ಮನೆ'. ಗುಡಿಸುವಾಗ ಪೊರಕೆ ಆ ಚೀಲಕ್ಕೆ ತಾಗಿದರೆ ವಸಂತಿಯ ಮುಖ ಅವತ್ತಿಡೀ ಸಪ್ಪೆ. "ಮಗಳ ಮನೆಯಲ್ಲಿ ನೆಂಟರ ಹಾಗೆ ಕೂತಿದ್ದಾಳಲ್ಲ ಅಮ್ಮ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅತ್ತೆ ಇಲ್ಲೇ ಇರಬೇಕೆಂದು ನನಗೂ ಬಹಳ ಆಸೆಯಿತ್ತು. ಆದರೆ ಹೇಳುವುದು ಹೇಗೆ? ಅತ್ತೆ ಹಳೆಯ ಕಾಲದವರು. ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಎದುರಿಗೇ ಕೂತಿದ್ದಾಗ "ವಸಂತಿ, ಅವರಿಗೆ ಇನ್ನೊಂದು ಸೌಟು ಸಾರು ಬೇಕಾ ಕೇಳು" ಎನ್ನುವುದೇ ಪದ್ಧತಿ. ನಾನು "ಬೇಡ" ಎಂದರೆ ವಸಂತಿ "ಬೇಡವಂತೆ" ಎನ್ನಬೇಕು. ಆಗಲೇ ಅದು ಅತ್ತೆಗೆ ಕೇಳಿಸುವುದು. ವಸಂತಿ ಬಜಾರಿಗೆ ಹೋಗಿದ್ದರೆ ಅತ್ತೆ ನನಗೆ ಹೇಳಬೇಕಾದ್ದನ್ನು ಬಸಳೆಗೆ ಹೇಳುತ್ತಿದ್ದರು. "ಚಹಾ ಆರ್ತಾ ಉಂಟು ಮಗಾ, ಪೇಪರ್ ಓದುವವರು ಓದ್ತಾನೇ ಇದ್ದಾರೆ." ಬಸಳೆ ಸುಮ್ಮನಿರುತ್ತಿತ್ತು, ನಾನು ಎದ್ದುಹೋಗಿ ಚಹಾ ಕುಡಿಯುತ್ತಿದ್ದೆ.

ಆ ಬಸಳೆಯ ವಂಶದ ಜೊತೆ ನನ್ನ ಪರಿಚಯ ಹಳೆಯದು. ಹೆಣ್ಣು ನೋಡಲು ಪರೇಲಿನ ಚಾಳಿಗೆ ಹೋದಾಗ ಗ್ಯಾಲರಿಯಲ್ಲಿ ಎಣ್ಣೆ ಡಬ್ಬದೊಳಗೆ ಅದು ಹುಲುಸಾಗಿ ಬೆಳೆದು, ಪಕ್ಕದ ರೂಮಿನವರ ಬಟ್ಟೆ ಹಗ್ಗವನ್ನೂ ಆಕ್ರಮಿಸಿತ್ತು. ಚಾಳಿನವರಿಗೆಲ್ಲ ಅದರ ದಂಟು ಹೋಗುತ್ತಿತ್ತು, ಬಾಗಿಲಲ್ಲಿ ನಿಂತು "ಅಕ್ಕಾ, ಇವತ್ತು ಬಸಳೆ ಉಂಟಾ?" ಎಂದು ಕೇಳಿದರೆ ಸಾಕಿತ್ತು. ಅವತ್ತು ನನಗೆ ಹಲಸಿನ ಬೀಜ ಹಾಕಿದ ಬಸಳೆ ಪದಾರ್ಥ, ಅಂದರೆ ಊರ ಕಡೆಯ ಸಾಂಬಾರು, ಬಡಿಸಿದರು. ಹುಡುಗಿಯನ್ನು ನೋಡಲು ಹೋದವನು ತಟ್ಟೆ ನೋಡುತ್ತ ಕೂತೆ. "ಹುಡುಗ ನಾಚಿಕೆಯವನು, ತಲೆ ಎತ್ತಲೇ ಇಲ್ಲ" ಎಂದು ಅವರ ಕಡೆಯವರು ಮೆಚ್ಚಿಕೊಂಡರಂತೆ. ಬಸಳೆಯ ನೇರಳೆ ಹಣ್ಣನ್ನು ತುಟಿಗೆ ಹಚ್ಚಿಕೊಂಡು ಚಾಳಿನ ಮೆಟ್ಟಿಲಲ್ಲಿ ಹೀರೋಯಿನ್ ಆಗಿ ಮೆರೆದ ತನ್ನ ಬಾಲ್ಯವನ್ನು ವಸಂತಿ ನನಗೆ ಹೇಳಿದ್ದು ಮದುವೆಯಾದ ಮೇಲೆ.

ಕೃಷಿಯಲ್ಲಿ ನನ್ನ ಅನುಭವವನ್ನೂ ಇಲ್ಲೇ ಹೇಳಿಬಿಡಬೇಕು. ನಾನು ಬೆಳೆದದ್ದು ವಡಾಲದಲ್ಲಿ. ಬೆಳಗಿನ ಜಾವ ನಲ್ಲಿ ಕೊರಕೊರ ಎಂದರೆ ಮನೆಮಂದಿಯೆಲ್ಲ ಎದ್ದು ಹಂಡೆ, ಕೊಡ, ಡ್ರಮ್ಮು, ಕೊನೆಗೆ ಚಹಾದ ಪಾತ್ರೆಯವರೆಗೆ ತುಂಬಿಸಿಡುವ ಕಾಲ. ಕುಡಿಯಲು ಅಳೆದು ಕೊಡುವ ನೀರಿನಲ್ಲಿ ಗಿಡ ಬೆಳೆಸುವುದುಂಟೇ? ಆದರೂ ಶಾಲೆಯಲ್ಲಿ ಟೀಚರ್ ಹೇಳಿದರೆಂದು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ನೀರು ತುಂಬಿಸಿ, ಬಾಯಿಗೆ ಒಂದು ಗೆಣಸು ಕೂರಿಸಿ, ಕಿಟಕಿಯಲ್ಲಿಟ್ಟೆ. ಮಣ್ಣಿಲ್ಲ, ಗೊಬ್ಬರವಿಲ್ಲ, ಬರೀ ನೀರಿನಲ್ಲಿ ಬಿಳಿಬಿಳಿ ಬೇರು ಇಳಿಯಿತು, ಮೇಲೆ ಕೆಂಪು ಚಿಗುರು ಬಂತು. ಶಾಲೆಯಿಂದ ಬಂದವನು ಚಪ್ಪಲಿ ಬಿಚ್ಚುವ ಮೊದಲು ಕಿಟಕಿಗೆ ಓಡುತ್ತಿದ್ದೆ. ಆಮೇಲೆ ಏಕಾದಶಿ ಬಂತು. ಉಪವಾಸದ ಫಲಾಹಾರಕ್ಕೆ ಗೆಣಸು ತರುವುದನ್ನು ಅಪ್ಪ ಮರೆತಿದ್ದರು. ಅಮ್ಮ ಅತ್ತಿತ್ತ ನೋಡಿದಳು, ಬಾಟಲಿ ಖಾಲಿಯಾಯಿತು. ನಾನು ಅತ್ತುಕೊಂಡೇ ಅದನ್ನು ತಿಂದೆ. ಬರೀ ನಾರು.

ಇಂಥ ಅನುಭವಸ್ಥನ ಕೈಗೆ ಅತ್ತೆಯ ಬಸಳೆ ಬರಬೇಕಾದ ಪ್ರಸಂಗ ಹೇಗೆ ಒದಗಿತೆಂದರೆ, ನಮ್ಮ ಕೆಳಗಿನ ಮನೆಯ ವಹಿನಿಯಿಂದ. ಮರಾಠಿಯವರು, ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ವಹಿನಿ, ಅಂದರೆ ಅತ್ತಿಗೆ, ಎಂದೇ. ಬೇಸಿಗೆಯಲ್ಲಿ ತಮ್ಮ ಗ್ರಿಲ್ಲಿನಲ್ಲಿ ಹಪ್ಪಳ ಒಣಗಿಸುವುದು ಅವರ ವ್ರತ. ಅತ್ತೆ ಮೇಲಿನಿಂದ ಬಸಳೆಯ ಕುಂಡಕ್ಕೆ ಅಕ್ಕಿ ತೊಳೆದ ನೀರು ಹೊಯ್ದರೆ ಅದು ಮಣ್ಣಿನ ಸಾರ ಸಮೇತ ಕೆಳಗಿಳಿದು ಹಪ್ಪಳದ ಮೇಲೆ ಟಪಟಪ ಬೀಳುತ್ತಿತ್ತು. ಒಂದು ದಿನ ವಹಿನಿ ಒದ್ದೆ ಹಪ್ಪಳವನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಿಗೇ ಬಂದರು. "ಕಾಕೂ, ದೇಖೋನಾ, ಪೂರಾ ಪಾಪಡ್ ಖರಾಬ್ ಹೋ ಗಯಾ." ಹಪ್ಪಳವೆಲ್ಲ ಹಾಳಾಯಿತೆಂದು ಹೇಳಿದ್ದು ಜಗಳದ ಸ್ವರದಲ್ಲಲ್ಲ; ಅಳುವ ಸ್ವರದಲ್ಲಿ. ಅದೇ ಅತ್ತೆಗೆ ಹೆಚ್ಚು ನಾಟಿತು.

ಅವತ್ತು ಅತ್ತೆ ನೀರು ಹೊಯ್ಯಲಿಲ್ಲ. ಭಾನುವಾರ ತಮ್ಮನ ಫೋನು ಬಂದಾಗ "ಸುಂದರ, ನಿನ್ನಲ್ಲಿ ಒಂದು ಕುಂಡ ಇಡ್ಲಿಕ್ಕೆ ಜಾಗ ಉಂಟಾ? ಇಲ್ಲಿ ಇವರಿಗೆ ನನ್ನಿಂದ ಬಿಲ್ಡಿಂಗಿನಲ್ಲಿ ಹೆಸರು ಹಾಳು" ಎಂದರು. ಮುಂದಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಅವರು ಅಲ್ಲಿಂದ ಹೇಳಿದರು. ವಸಂತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಈರುಳ್ಳಿ ಹೆಚ್ಚುತ್ತ ಕೂತಳು. ಅವತ್ತಿನ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ.

ಬಸಳೆ ಹೋದರೆ ಅತ್ತೆ ಹೋದಂತೆ; ಅಷ್ಟು ನನಗೆ ಅರ್ಥವಾಯಿತು. ನೀರು ಸೋರದ ಹಾಗೆ ಗಿಡ ಬೆಳೆಸುವುದು ಹೇಗೆಂದು ಮೊಬೈಲಿನಲ್ಲಿ ಹುಡುಕುತ್ತ ಕೂತೆ. ಬಹಳ ಸುಲಭವಂತೆ. ಎರಡು ಬಕೆಟ್ ಒಂದರೊಳಗೊಂದು ಕೂರಿಸಬೇಕು. ಕೆಳಗಿನದರಲ್ಲಿ ನೀರು, ಮೇಲಿನದರಲ್ಲಿ ಮಣ್ಣು. ಮೇಲಿನ ಬಕೆಟಿನ ತಳಕ್ಕೆ ತೂತು ಮಾಡಿ ಒಂದು ಬತ್ತಿ ಇಳಿಬಿಟ್ಟರೆ ದೀಪ ಎಣ್ಣೆ ಹೀರಿದ ಹಾಗೆ ಮಣ್ಣು ತನಗೆ ಬೇಕಾದಷ್ಟು ನೀರು ಹೀರಿಕೊಳ್ಳುತ್ತದೆ. ಒಂದು ತೊಟ್ಟು ಹೊರಗೆ ಬೀಳುವುದಿಲ್ಲ. ನಮ್ಮ ಬಿಲ್ಡಿಂಗಿಗೆ ಬಣ್ಣ ಬಳಿದವರು ಬಿಟ್ಟುಹೋದ ಬಕೆಟ್‌ಗಳು ವಾಚ್‌ಮನ್ ಹತ್ತಿರ ಸಿಕ್ಕಿದವು. ಇನ್ನು ಬತ್ತಿ. ನಮ್ಮ ಮನೆಯಲ್ಲಿ ಬತ್ತಿಗೆ ಬರವೇ? ಅತ್ತೆ ದಿನಾ ಮಧ್ಯಾಹ್ನ ಹತ್ತಿ ಹೊಸೆದು ಬತ್ತಿ ಮಾಡುತ್ತಾರೆ. ವಸಂತಿ ಅದನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ದೇವರ ಹತ್ತಿರ ಇಡುತ್ತಾಳೆ. ಒಂದು ಹಿಡಿ ತೆಗೆದು, ಜಡೆ ಹೆಣೆದು, ಬಕೆಟಿಗೆ ಇಳಿಬಿಟ್ಟು, ಬಸಳೆಯನ್ನು ಅದರಲ್ಲಿ ನೆಟ್ಟು, ಕೈ ತೊಳೆದುಕೊಂಡು ಬಂದು "ಆಯ್ತು ನೋಡಿ" ಎಂದೆ.

ಎರಡು ದಿನದಲ್ಲಿ ಬಸಳೆ ಕತ್ತು ಬಾಗಿಸಿತು. ಕೆಳಗಿನ ನೀರು ಇದ್ದ ಹಾಗೇ ಇತ್ತು. ಗೋಡೆಯ ಮೂಲೆಯಿಂದ ಕಟ್ಟಿರುವೆಗಳ ದಿಬ್ಬಣವೊಂದು ಸೀದಾ ಬಕೆಟಿನೊಳಕ್ಕೆ ಹೋಗುತ್ತಿತ್ತು. ಆಗ ವಸಂತಿ ಹಣೆ ಬಡಿದುಕೊಂಡಳು. "ಅಲ್ಲ ಮಾರಾಯ್ರೇ, ಅದು ತುಪ್ಪದಲ್ಲಿ ಅದ್ದಿಟ್ಟ ಬತ್ತಿ! ತುಪ್ಪ ಕುಡಿದ ಹತ್ತಿ ನೀರು ಎಲ್ಲಿಂದ ಕುಡೀತದೆ?" ಅತ್ತೆ ಬಸಳೆಯ ಎಲೆ ಸವರುತ್ತ, "ನಿನಗೆ ತುಪ್ಪದ ದೀಪ ಇಟ್ಟಿದ್ದಾರೆ ಮಗಾ, ಪುಣ್ಯ ಬರ್ತದೆ" ಎಂದು ಸಮಾಧಾನ ಮಾಡಿದರು. ಇರುವೆಗಳ ಪಾಲಿಗಂತೂ ಅವತ್ತು ಹಬ್ಬ.

ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಬತ್ತಿಗೆ ಹಳೇ ಸೀರೆ ಆದೀತೆಂದು ವಸಂತಿಯ ಒಂದು ಸೀರೆಯ ಅಂಚು ಕತ್ತರಿಸಿದೆ. ಇಸ್ತ್ರಿಯ ರಗಳೆ ಬೇಡವೆಂದು ಅವಳಿಟ್ಟುಕೊಂಡದ್ದೆಲ್ಲ ಜಾರುವ ಸಿಂಥೆಟಿಕ್ ಸೀರೆಗಳೇ. ಅದರ ಮೇಲೆ ನೀರು ಕೂಡ ಜಾರಿಹೋಯಿತು. ಹತ್ತಿಯದೇ ಬೇಕಾದರೆ ನನ್ನ ಬನಿಯನ್ ಇದೆಯಲ್ಲ ಎಂದು ಕತ್ತರಿ ಹಿಡಿದರೆ ವಸಂತಿ ಕಸಿದುಕೊಂಡಳು. "ನಿಮ್ಮ ಬನಿಯನ್ ಕುಡಿಸಿದ ನೀರಲ್ಲಿ ಬೆಳೆದ ಬಸಳೆಯನ್ನು ಅಮ್ಮ ಬಾಯಿಗಿಡ್ಲಿಕ್ಕಿಲ್ಲ." ಅದೂ ನಿಜವೇ. ಬಸಳೆಯ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ಭಾನುವಾರ ಹತ್ತಿರ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ವಸಂತಿ ಸೊಪ್ಪು ತರಲು ಹೋಗಿದ್ದಳು. ನಾನು ಗ್ರಿಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಗಡಿಯಿಂದ ತಂದ ಒಂದು ನೂಲಿನ ಹಗ್ಗವನ್ನು ತೂತಿನೊಳಗೆ ತೂರಿಸಲು ಒದ್ದಾಡುತ್ತಿದ್ದೆ. ಹಗ್ಗ ದಪ್ಪ, ತೂತು ಸಣ್ಣದು, ಸೊಂಟ ಹಳೆಯದು. ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ಬಸಳೆಗೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗೆ ಏನೋ ಎಳೆದ ಸದ್ದಾಯಿತು, ಆಮೇಲೆ ಜಿಪ್ಪಿನ ಸದ್ದು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಕೈಮಗ್ಗದ ಸೀರೆ. ಮಾಸಿ, ಮೆತ್ತಗಾಗಿ, ಹೂವಿನ ಬಣ್ಣವೆಲ್ಲ ಒಗೆದೊಗೆದು ಹೋಗಿತ್ತು. ಮಾವ ಹಬ್ಬಕ್ಕೆಂದು ದಾದರಿನಿಂದ ತಂದುಕೊಟ್ಟದ್ದೆಂದು ವಸಂತಿ ಆಮೇಲೆ ಹೇಳಿದಳು.

ಅತ್ತೆ ಸೀರೆಯ ಒಂದು ತುದಿಯನ್ನು ನನ್ನ ಕಡೆ ಚಾಚಿದರು.

"ನೀವು ಇದನ್ನು ಹಿಡ್ಕೊಳ್ಳಿ."

ನಾನು ಹಿಂದೆ ತಿರುಗಿ ನೋಡಿದೆ. ವಸಂತಿ ಬಂದಿರಲಿಲ್ಲ. ನನಗೇ ಹೇಳಿದ್ದು.

"ಅತ್ತೆ, ಇದು ಬೇಡ... ಒಳ್ಳೆಯ ಸೀರೆ."

"ಚೀಲದಲ್ಲಿಟ್ಟು ಎಂತ ಮಾಡುದು? ನನ್ನ ಒಂದು ಬಳ್ಳಿಗೆ ನೀವು ಇಷ್ಟು ಕಷ್ಟ ಪಡುವಾಗ? ಎಳೀರಿ."

ನಾನು ಎಳೆದೆ. ಸೀರೆ ಚರ್ರನೆ ಉದ್ದಕ್ಕೆ ಹರಿಯಿತು. ಆ ಸದ್ದಿಗೆ ಅವರ ಕಣ್ಣು ಒಂದು ಸಲ ಮುಚ್ಚಿದ್ದನ್ನು ನಾನು ನೋಡಿದೆ. ಅತ್ತೆ ನೆಲದ ಮೇಲೆ ಕೂತು, ಪಟ್ಟಿಯನ್ನು ತೊಡೆಯ ಮೇಲಿಟ್ಟು, ದೇವರ ಬತ್ತಿ ಹೊಸೆಯುವ ಹಾಗೆಯೇ ಅಂಗೈಯಲ್ಲಿ ಉರುಟಿ ಉದ್ದನೆಯ ಬತ್ತಿ ಮಾಡಿದರು. ಮೊದಲು ಒದ್ದೆ ಮಾಡಿ ಆಮೇಲೆ ತೂರಿಸಿದೆವು. ಮರುದಿನ ಬೆಳಿಗ್ಗೆ ಮೇಲಿನ ಮಣ್ಣು ಮುಟ್ಟಿದರೆ ತಂಪಾಗಿತ್ತು, ಬಸಳೆ ತಲೆ ಎತ್ತಿತ್ತು. ತಮ್ಮನ ಫೋನು ಬಂದಾಗ ಅತ್ತೆ "ಇವತ್ತು ಬೇಡ ಸುಂದರ, ಗಿಡ ಈಗಷ್ಟೇ ಸುಧಾರಿಸ್ತಾ ಉಂಟು, ಮುಂದಿನ ವಾರ ನೋಡುವ" ಎಂದರು. ಜಿಪ್ ಮತ್ತೆ ಮುಚ್ಚಿತ್ತು; ಚೀಲ ಮಂಚದ ಕೆಳಗೇ ಇತ್ತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದುಕೊಂಡಿದ್ದೆ. ಆದರೆ ಒಂದು ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಿಡ ತಾನಾಗಿಯೇ ನೀರು ಕುಡಿಯತೊಡಗಿದ ಮೇಲೆ ಅತ್ತೆಗೆ ಬೆಳಿಗ್ಗೆ ಕೆಲಸವೇ ಇಲ್ಲದಾಯಿತು. ಅಕ್ಕಿ ತೊಳೆದ ನೀರಿನ ಚೆಂಬು ಹಿಡಿದು ಗ್ರಿಲ್ಲಿನವರೆಗೆ ಹೋಗುವರು, ನಿಲ್ಲುವರು, ವಾಪಸು ಬರುವರು. "ಎಲ್ಲವನ್ನೂ ಅದೇ ಮಾಡಿಕೊಂಡ್ರೆ ನಾನು ಎದ್ದು ಎಂತ ಮಾಡುದು ವಸಂತಿ?" ಎಂದು ಕೇಳಿದಾಗಲೇ ನನಗೆ ಅದು ಹೊಳೆದದ್ದು. ಅವರನ್ನು ಉಳಿಸಿಕೊಳ್ಳಲು ಹೊರಟು ಅವರ ಕೈಯ ಕೆಲಸವನ್ನೇ ಕಿತ್ತುಕೊಂಡಿದ್ದೆನಲ್ಲ!

ಕೊನೆಗೆ ಅತ್ತೆಯೇ ಒಂದು ದಾರಿ ಹುಡುಕಿಕೊಂಡರು. ಕೆಳಗಿನ ಬಕೆಟಿಗೆ ನೀರು ತುಂಬಿಸಲು ನಾನೊಂದು ಪೈಪ್ ಇಟ್ಟಿದ್ದೆ. ನಮಗೆ ಗೊತ್ತಾಗದ ಹಾಗೆ ಅಕ್ಕಿನೀರನ್ನು ದಿನಾ ಅದರೊಳಗೇ ಹೊಯ್ಯತೊಡಗಿದರು. ಒಳಗೆ ನಿಂತ ಅಕ್ಕಿನೀರು ಹುಳಿ ಬಂದು, ಬುರುಗು ಎದ್ದು, ಮನೆಯೆಲ್ಲ ಏನೋ ಸತ್ತ ವಾಸನೆ. ನಾನು ಫ್ರಿಜ್ ಹಿಂದೆ ಇಲಿ ಹುಡುಕಿದೆ. ವಹಿನಿ ಮೂಗಿಗೆ ಸೆರಗು ಹಿಡಿದುಕೊಂಡು ಮತ್ತೊಮ್ಮೆ ಮೇಲೆ ಬಂದರು. ಬಕೆಟ್ ಬಿಚ್ಚಿ ನೋಡಿದಾಗ ಎಲ್ಲರಿಗೂ ಎಲ್ಲವೂ ತಿಳಿಯಿತು. ಅತ್ತೆಯ ಮುಖ ಸಣ್ಣದಾಯಿತು. ಆಗ ಮೊದಲು ನಕ್ಕದ್ದು ವಸಂತಿ. ಆಮೇಲೆ ವಹಿನಿ, ಆಮೇಲೆ ನಾನು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅವತ್ತೇ ಒಂದು ಒಪ್ಪಂದವಾಯಿತು. ಅದನ್ನು ಅತ್ತೆ ನೇರವಾಗಿ ನನಗೇ ಹೇಳಿದರು. "ಕುಡಿಯುವ ನೀರನ್ನು ಅದು ಅದರಷ್ಟಕ್ಕೆ ಕುಡೀಲಿ. ಊಟ ನಾನು ಬಡಿಸ್ತೇನೆ." ಅಂದರೆ ಕೆಳಗಿನ ಬಕೆಟಿಗೆ ನಲ್ಲಿಯ ನೀರು, ಅಕ್ಕಿನೀರು ಮೇಲಿನಿಂದ, ಮಣ್ಣಿಗೆ ಬೇಕಾದಷ್ಟು ಮಾತ್ರ, ಒಂದೇ ಸೌಟು. ಕೆಳಗೆ ನೀರೆಷ್ಟಿದೆಯೆಂದು ತಿಳಿಯಲು ನಾನು ತೆಂಗಿನ ಕಡ್ಡಿಯೊಂದಕ್ಕೆ ತೇಲುವ ಬೆಂಡು ಸಿಕ್ಕಿಸಿ ಪೈಪಿನೊಳಗೆ ಇಳಿಬಿಟ್ಟೆ. ನೀರು ಏರಿದರೆ ಕಡ್ಡಿ ಏರುತ್ತದೆ, ಇಳಿದರೆ ಇಳಿಯುತ್ತದೆ. ನನ್ನ ಇಡೀ ಇಂಜಿನಿಯರಿಂಗಿನಲ್ಲಿ ಅತ್ತೆಗೆ ಮೆಚ್ಚಿಗೆಯಾದದ್ದು ಇದೊಂದೇ. ಈಗಲೂ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಕಡ್ಡಿಯನ್ನು. "ಹೊಟ್ಟೆ ತುಂಬಿದೆ" ಎಂದೋ "ಬಾಯಾರಿದೆ" ಎಂದೋ ಒಳಕ್ಕೆ ಕೂಗಿ ಹೇಳುತ್ತಾರೆ.

ಬಸಳೆ ಗ್ರಿಲ್ ತುಂಬಿತು. ಮೊದಲ ದಂಟು ವಹಿನಿಗೆ ಹೋಯಿತು. ಅವರು ಅದರ ಭಜಿ ಮಾಡಿ, ಆಮೇಲೆ ತಮಗೂ ಒಂದು ಬಕೆಟ್ ಬೇಕೆಂದು ಕೇಳಿದರು. ಮೇಲಿನ ಮನೆಯವರು ಕೇಳಿದರು. ವಾಚ್‌ಮನ್ ಕೊತ್ತಂಬರಿಗೆ ಕೇಳಿದ. ಬಕೆಟಿಗೆ ತೂತು ಕೊರೆಯುವವನು ನಾನು, ಬತ್ತಿ ಹೊಸೆಯುವವರು ಅತ್ತೆ. ಒಂದೊಂದು ಬಕೆಟಿಗೂ ಬತ್ತಿ ಬೇಕಾದಾಗ ಮಂಚದ ಕೆಳಗೆ ಜಿಪ್ಪಿನ ಸದ್ದಾಗುತ್ತಿತ್ತು. ಒಂದೊಂದೇ ಹಳೆಯ ಹತ್ತಿ ಸೀರೆ ಹೊರಗೆ ಬರುತ್ತಿತ್ತು. ಒಳ್ಳೆಯ ನಾಲ್ಕು ಸೀರೆಗಳನ್ನು ಅತ್ತೆ ಮಾತಿಲ್ಲದೆ ವಸಂತಿಯ ಕಪಾಟಿನಲ್ಲಿಟ್ಟರು. ನಾವಿಬ್ಬರೂ ನೋಡಿದೆವು, ಏನಾದರೂ ಹೇಳಿದರೆ ಎಲ್ಲಿ ವಾಪಸು ತೆಗೆದುಬಿಡುತ್ತಾರೋ ಎಂದು ನೋಡದವರ ಹಾಗೆ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಕಳೆದ ಭಾನುವಾರ ವಡಾಲದ ಫೋನು ಬಂತು. ಅತ್ತೆ ಗ್ರಿಲ್ಲಿನ ಬಾಗಿಲಲ್ಲಿ ಕೂತು ಬಸಳೆ ದಂಟು ಮುರಿಯುತ್ತಿದ್ದರು. ಕೈ ಒದ್ದೆಯಿದ್ದುದರಿಂದ ನಾನೇ ಮೊಬೈಲನ್ನು ಅವರ ಕಿವಿಗೆ ಹಿಡಿದು ನಿಂತಿದ್ದೆ. ಅತ್ತ ಕಡೆಯ "ಅಕ್ಕಾ, ಯಾವಾಗ ಬರ್ತಿ?" ನನಗೂ ಕೇಳಿಸಿತು.

"ನಾನೆಲ್ಲಿ ಬರುದು ಮಾರಾಯ, ಇಲ್ಲಿ ಕೆಲಸ ಮುಗೀಲಿಕ್ಕಿಲ್ಲ," ಎಂದರು ಅತ್ತೆ. "ನೀನೇ ಬಾ. ನಮ್ಮ ಮನೆಯಲ್ಲಿ ಇವತ್ತು ಬಸಳೆ ಪದಾರ್ಥ."

ಒಳಗೆ ವಸಂತಿಯ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು. ನಾನು ಫೋನು ಹಿಡಿದ ಕೈ ಅಲ್ಲಾಡಿಸದೆ ನಿಂತೇ ಇದ್ದೆ. ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು.

"ಮಾತು ಮುಗೀತು, ಫೋನ್ ಇಡಿ. ಮತ್ತೆ ಆ ಮಂಚದ ಕೆಳಗಿನ ಚೀಲ ಖಾಲಿ ಉಂಟು. ಸುಂದರ ಬಂದ್ರೆ ದಂಟು ತುಂಬಿಸಿ ಅವನಿಗೇ ಕೊಟ್ಟುಬಿಡಿ, ನನಗೆ ಬೇಡ."